ಡಾಂಟೆಯ ಬೆಟ್ಟ ಹತ್ತುವವರಿಗೆ

ಮೆಚ್ಚಿನ ಪುಸ್ತಕ ಯಾವುದೆಂದು ನವೆಂಬರ್ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಪ್ರತಿ ವರ್ಷ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಇಟಲಿಯ ಕವಿ ಡಾಂಟೆಯ ಮಹಾಕಾವ್ಯ ‘ಡಿವೈನ್ ಕಾಮಿಡಿ’ಯ ನಡುವಿನ ಭಾಗವನ್ನು ಓದಲು ಕೂರುತ್ತೇನೆ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ. ಡಾಂಟೆ ತಾನೇ ಸತ್ತವರ ಲೋಕಗಳಲ್ಲಿ ನಡೆದುಹೋಗುವ ಕಥೆ ಅದು: ಮೊದಲು ನರಕ, ನಡುವೆ ಆತ್ಮಗಳು ಪಾಪ ತೊಳೆದುಕೊಳ್ಳುವ ಶುದ್ಧೀಕರಣದ ಬೆಟ್ಟ, ಕೊನೆಗೆ ಸ್ವರ್ಗ. ಆ ಸಾಲಿಗೆ ಬಂದ ಕಾಗದಗಳು ನನ್ನ ಮೇಜಿನ ಅರ್ಧ ಭಾಗವನ್ನು ತುಂಬಿವೆ. ಈ ಬಾರಿಯ ಪುಟಗಳನ್ನೆಲ್ಲ ಅವುಗಳಿಗೇ ಮೀಸಲಿಟ್ಟಿದ್ದೇನೆ. ಬೇರೆ ಪ್ರಶ್ನೆ ಕಳುಹಿಸಿದವರು ಮುಂದಿನ ತಿಂಗಳವರೆಗೆ ಕಾಯಬೇಕಾಗಿ ವಿನಂತಿ.

ಪ್ರಶ್ನೆ: ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಆರಂಭದಲ್ಲಿ ಹೋಮರ್, ವರ್ಜಿಲ್, ಮಿಲ್ಟನ್ ಅವರ ಸಾಲಿನಲ್ಲಿ ಡಾಂಟೆಗೂ ಕೈ ಮುಗಿಯುತ್ತಾರೆ. ಆ ಹೆಸರಿನ ಬೆನ್ನು ಹತ್ತಿ ಇಂಗ್ಲಿಷ್ ಅನುವಾದ ತರಿಸಿ ನರಕದ ಹದಿನಾಲ್ಕು ಸರ್ಗಗಳನ್ನು ಓದಿದೆ. ಕೊಳಚೆ ಮಳೆ, ಕುದಿಯುವ ರಕ್ತದ ನದಿ, ಬೆಂಕಿಯ ಮಳೆ. ನಮ್ಮ ಗರುಡ ಪುರಾಣದಲ್ಲಿ ಇಲ್ಲದ್ದು ಇಲ್ಲೇನಿದೆ? (ಸಾಗರದಿಂದ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ನೀವು ಒಂದು ಸರ್ಗ ಮೊದಲೇ ಪುಸ್ತಕ ಮುಚ್ಚಿದಿರಿ. ಹದಿನೈದನೆಯದನ್ನೂ ಓದಿದ್ದರೆ ಉತ್ತರ ನಿಮಗೇ ಸಿಗುತ್ತಿತ್ತು. ಸುಡುವ ಮರಳಿನ ಬಯಲು. ಮೇಲಿಂದ ಬೆಂಕಿಯ ಚಕ್ಕೆಗಳು ನಿಧಾನವಾಗಿ ಉದುರುತ್ತಿವೆ. ಬಯಲಿನ ಅಂಚಿನ ಎತ್ತರದ ದಂಡೆಯ ಮೇಲೆ ಡಾಂಟೆ ನಡೆಯುತ್ತಿದ್ದಾನೆ. ಕೆಳಗಿನಿಂದ ಯಾರೋ ಕೈ ಚಾಚಿ ಅವನ ನಿಲುವಂಗಿಯ ಅಂಚನ್ನು ಹಿಡಿಯುತ್ತಾರೆ. ಮುಖ ಸುಟ್ಟು ಕಪ್ಪಾಗಿದೆ, ಆದರೂ ಗುರುತು ಸಿಗುತ್ತದೆ. ಎಳೆಯ ವಯಸ್ಸಿನಲ್ಲಿ ಅವನಿಗೆ ಬರೆಹದ ದಾರಿ ತೋರಿಸಿದ ಫ್ಲಾರೆನ್ಸಿನ ಹಿರಿಯ, ಬ್ರುನೆತ್ತೊ ಲಾತೀನಿ. ‘ಸೇರ್ ಬ್ರುನೆತ್ತೊ, ನೀವು ಇಲ್ಲಿ?’ ಡಾಂಟೆಯ ಬಾಯಿಂದ ಹೊರಡುವುದು ಇಷ್ಟೇ. ನರಕದಲ್ಲಿ ಎದುರಾದವರನ್ನು ಸಾಮಾನ್ಯವಾಗಿ ಏಕವಚನದಲ್ಲಿ ಮಾತನಾಡಿಸುವವನು ಇಲ್ಲಿ ಬಹುವಚನಕ್ಕೆ ಬರುತ್ತಾನೆ. ಕನ್ನಡ ಬಲ್ಲವರಿಗೆ ಆ ‘ನೀವು’ ಎಷ್ಟು ಭಾರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಓದಿದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಮಾತು ಮುಗಿಯುವ ತನಕ ಡಾಂಟೆ ತಲೆ ಬಾಗಿಸಿಕೊಂಡೇ ನಡೆಯುತ್ತಾನೆ. ಗರುಡ ಪುರಾಣದ ಪಾಪಿ ಒಂದು ವರ್ಗದವನು: ಕಳ್ಳ, ಸುಳ್ಳುಗಾರ, ಗುರುದ್ರೋಹಿ. ಇಲ್ಲಿ ಶಿಕ್ಷೆಗೆ ಒಳಗಾದವನು ಸ್ವಂತ ಗುರು. ಶಿಕ್ಷೆ ನ್ಯಾಯವೆಂದು ಕವಿ ಒಪ್ಪುತ್ತಾನೆ, ಆದರೆ ಅವರ ಮೇಲಿನ ಪ್ರೀತಿಯನ್ನು ಬಿಡುವುದಿಲ್ಲ. ಇವೆರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಅವನು ಮುಂದೆ ನಡೆಯುತ್ತಾನೆ.

ಕವಿಯ ಬಗ್ಗೆ ಸ್ವಲ್ಪ. ಇಟಲಿಯವರು ದಾಂತೆ ಎನ್ನುತ್ತಾರೆ. ಕನ್ನಡದಲ್ಲಿ ಡಾಂಟೆ ಎಂಬುದೇ ರೂಢಿ. 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ. ಸಂತ ಯೊವಾನ್ನರ ದೀಕ್ಷಾಸ್ನಾನ ಮಂದಿರದಲ್ಲಿ ಅವನಿಗೆ ಹೆಸರಿಟ್ಟರು. ಕಾವ್ಯದಲ್ಲಿ ಅದನ್ನು ಅವನು ‘ನನ್ನ ಚೆಲುವಾದ ಸಂತ ಯೊವಾನ್ನ’ ಎಂದೇ ಕರೆಯುತ್ತಾನೆ. 2011ರಲ್ಲಿ ತಂಗಿಯ ಮಗನ ಸಂಸಾರದೊಂದಿಗೆ ಅಲ್ಲಿಗೆ ಹೋಗಿದ್ದೆ. ಎಂಟು ಮೂಲೆಯ ಕಟ್ಟಡ. ಮೇಲೆ ನೋಡಿದರೆ ಚಿನ್ನದ ಹೊಳಪಿನ ಮೊಸಾಯಿಕ್, ನಡುವೆ ತೀರ್ಪು ಹೇಳಲು ಕುಳಿತ ಬೃಹತ್ ಕ್ರಿಸ್ತ. ಕೆಳಗೊಂದು ಮೂಲೆಯಲ್ಲಿ ಕೊಂಬಿನ ಸೈತಾನ ಪಾಪಿಯೊಬ್ಬನನ್ನು ಜಗಿಯುತ್ತಿದ್ದಾನೆ. ಅವನ ಎರಡೂ ಕಿವಿಗಳಿಂದ ಹೊರಟ ಹಾವುಗಳು ಇನ್ನಿಬ್ಬರನ್ನು ನುಂಗುತ್ತಿವೆ. 13ನೇ ಶತಮಾನದ ಕೆಲಸ ಅದು. ಅಲ್ಲಿನ ಮಕ್ಕಳು ಓದು ಕಲಿಯುವ ಮೊದಲು ನೋಡುತ್ತಿದ್ದುದು ಅದನ್ನೇ. ಡಾಂಟೆಯ ನರಕದ ತಳದಲ್ಲಿ ಮಂಜುಗಡ್ಡೆಯೊಳಗೆ ಹೂತಿರುವ ಸೈತಾನನಿಗೆ ಮೂರು ಮುಖ, ಮೂರು ಬಾಯಿ, ಮೂರರಲ್ಲೂ ಒಬ್ಬೊಬ್ಬ ದ್ರೋಹಿ. ಅದು ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಮಾಡಿಗೆಲ್ಲ ಬರೆದ ಚಿತ್ರಗಳನ್ನು ಕತ್ತು ನೋಯುವಷ್ಟು ನೋಡುತ್ತ ಬೆಳೆದವಳು ನಾನು. ಎಂಟು ವರ್ಷದ ಹುಡುಗಿಯ ಕಣ್ಣಿಗೆ ಬಿದ್ದದ್ದು ಅರವತ್ತರಲ್ಲೂ ಹೋಗುವುದಿಲ್ಲ.

1300ನೇ ಇಸವಿಯಲ್ಲಿ ಪೋಪ್ ಎಂಟನೇ ಬೊನಿಫಾಸ್ ಜುಬಿಲಿ ವರ್ಷವನ್ನು ಸಾರಿದರು. ಪಾಪನಿವೇದನೆ ಮಾಡಿ, ಸಂತ ಪೇತ್ರ ಮತ್ತು ಸಂತ ಪೌಲರ ದೇವಾಲಯಗಳನ್ನು ರೋಮಿನವರಾದರೆ 30 ದಿನ, ಪರ ಊರಿನವರಾದರೆ 15 ದಿನ ಸಂದರ್ಶಿಸಬೇಕು. ಹಾಗೆ ಮಾಡಿದವರಿಗೆ ಪೂರ್ಣ ಕ್ಷಮೆ. ಯುರೋಪಿನ ಮೂಲೆ ಮೂಲೆಯಿಂದ ಜನ ಹರಿದು ಬಂದರು. ಸೇತುವೆಯ ಮೇಲೆ ನೂಕುನುಗ್ಗಲಾಗದಂತೆ ಹೋಗುವವರನ್ನು ಒಂದು ಬದಿಗೆ, ಬರುವವರನ್ನು ಇನ್ನೊಂದು ಬದಿಗೆ ನಡೆಸುತ್ತಿದ್ದುದನ್ನು ನರಕದ ಹದಿನೆಂಟನೇ ಸರ್ಗ ಹೇಳುತ್ತದೆ. ಕಾವ್ಯದ ಯಾತ್ರೆ ನಡೆಯುವುದೂ ಅದೇ ವರ್ಷದ ಪವಿತ್ರ ವಾರದಲ್ಲಿ. ಶುಭ ಶುಕ್ರವಾರದ ಹಿಂದಿನ ರಾತ್ರಿ ಕವಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಈಸ್ಟರ್ ಭಾನುವಾರದ ನಸುಕಿನಲ್ಲಿ ನರಕದಿಂದ ಹೊರಬಂದು ನಕ್ಷತ್ರಗಳನ್ನು ಕಾಣುತ್ತಾನೆ. ಜನರೆಲ್ಲ ರೋಮಿಗೆ ನಡೆದ ವರ್ಷದಲ್ಲಿ ಇವನು ನಡೆದದ್ದು ಬೇರೊಂದು ದಾರಿ. ಎರಡೇ ವರ್ಷಗಳಲ್ಲಿ, 1302ರಲ್ಲಿ, ಎದುರು ಪಕ್ಷದವರು ಅವನನ್ನು ಊರಿಂದ ಹೊರಗಿಟ್ಟರು. ಸಿಕ್ಕರೆ ಜೀವಂತ ಸುಡಬೇಕೆಂದು ಆಜ್ಞೆಯಾಯಿತು. ಮತ್ತೆ ಅವನು ಆ ಊರಿನ ಬಾಗಿಲು ತುಳಿಯಲೇ ಇಲ್ಲ. ಪರರ ಮನೆಯ ರೊಟ್ಟಿ ಎಷ್ಟು ಉಪ್ಪು, ಪರರ ಮನೆಯ ಮೆಟ್ಟಿಲು ಎಷ್ಟು ಕಡಿದು ಎಂದು ಸ್ವರ್ಗದ ಹದಿನೇಳನೇ ಸರ್ಗದಲ್ಲಿ ಒಂದು ಮಾತು ಬರುತ್ತದೆ. ಫ್ಲಾರೆನ್ಸಿನ ರೊಟ್ಟಿಗೆ ಇವತ್ತಿಗೂ ಉಪ್ಪು ಹಾಕುವುದಿಲ್ಲ. ಆ ಊರಿನಲ್ಲಿ ಬೆಳಗಿನ ತಿಂಡಿಗೆ ಸಪ್ಪೆ ರೊಟ್ಟಿ ಬಾಯಿಗಿಟ್ಟಾಗ ಆ ಸಾಲು ನೆನಪಾಗಿ ನನ್ನ ಗಂಟಲು ಕಟ್ಟಿತು.

ನರಕದಲ್ಲಿ ಇನ್ನು ಇಪ್ಪತ್ತು ಸರ್ಗ ಉಳಿದಿವೆ. ದಾಟಿ ಬನ್ನಿ. ನಿಜವಾದ ಕಾವ್ಯ ಅದರಾಚೆ ಆರಂಭವಾಗುತ್ತದೆ ಎಂದೇ ನನ್ನ ನಂಬಿಕೆ.

ಪ್ರಶ್ನೆ: ಮೇಡಂ, ನಮ್ಮ ತರಗತಿಯ ಟಿಪ್ಪಣಿಯಲ್ಲಿ ಹೀಗಿದೆ: ಚಿರತೆ ಎಂದರೆ ಕಾಮ, ಸಿಂಹ ಎಂದರೆ ಗರ್ವ, ಹೆಣ್ಣು ತೋಳ ಎಂದರೆ ಲೋಭ, ವರ್ಜಿಲ್ ಎಂದರೆ ವಿವೇಕ, ಬೆಯಾತ್ರಿಚೆ ಎಂದರೆ ದೈವಜ್ಞಾನ. ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಕಾವ್ಯ ಅರ್ಥವಾದಂತೆಯೇ? ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ಅನ್ಯೋಕ್ತಿ ಎಂದರೆ ಇಷ್ಟೇನಾ? (ಧಾರವಾಡದಿಂದ ಎಂ.ಎ. ವಿದ್ಯಾರ್ಥಿನಿ)

ಉತ್ತರ: ಪಟ್ಟಿ ಸುಳ್ಳಲ್ಲ ಮಗಳೇ. ಮೊದಲ ಸರ್ಗದಲ್ಲಿ ಡಾಂಟೆಗೆ ಅಡ್ಡ ಬರುವ ಆ ಮೂರು ಮೃಗಗಳು ಬೈಬಲಿನ ಯೆರೆಮೀಯನ ಗ್ರಂಥದಿಂದ ಬಂದಂಥವು, ಹಳೆಯ ವ್ಯಾಖ್ಯಾನಕಾರರು ಅವುಗಳನ್ನು ಹಾಗೆಯೇ ಓದಿದ್ದಾರೆ. ಆದರೆ ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಶುದ್ಧೀಕರಣ ಪರ್ವದ ಮೂವತ್ತನೇ ಸರ್ಗವನ್ನು ಓದು. ನರಕದ ತಳದಿಂದ ಬೆಟ್ಟದ ತುದಿಯ ತನಕ ಅರವತ್ತಕ್ಕೂ ಹೆಚ್ಚು ಸರ್ಗಗಳಲ್ಲಿ ರೋಮಿನ ಪ್ರಾಚೀನ ಕವಿ ವರ್ಜಿಲ್ ದಾರಿ ತೋರಿಸುತ್ತ ಜೊತೆಗಿದ್ದಾನೆ. ಅಪಾಯ ಬಂದಾಗ ಡಾಂಟೆಯನ್ನು ತಾಯಿ ಮಗುವನ್ನು ಎತ್ತಿಕೊಂಡು ಓಡುವಂತೆ ಎತ್ತಿಕೊಂಡಿದ್ದಾನೆ. ಬೆಟ್ಟದ ತುದಿಯಲ್ಲಿ ಬೆಯಾತ್ರಿಚೆ, ಡಾಂಟೆ ಎಳೆಯದರಿಂದಲೂ ಪ್ರೀತಿಸಿದ ಹೆಣ್ಣು, ಕಾಣಿಸುತ್ತಾಳೆ. ಡಾಂಟೆಯ ಮೈ ನಡುಗುತ್ತದೆ. ಹೆದರಿದ ಮಗು ಅಮ್ಮನ ಕಡೆಗೆ ಹೊರಳುವಂತೆ ವರ್ಜಿಲ್‌ಗೆ ಏನೋ ಹೇಳಲು ಎಡಕ್ಕೆ ತಿರುಗುತ್ತಾನೆ. ಅಲ್ಲಿ ವರ್ಜಿಲ್ ಇಲ್ಲ. ಮೂರು ಸಾಲಿನೊಳಗೆ ವರ್ಜಿಲ್, ವರ್ಜಿಲ್, ವರ್ಜಿಲ್ ಎಂದು ಮೂರು ಬಾರಿ ಹೆಸರು ಬರುತ್ತದೆ. ಆಗ ಬೆಯಾತ್ರಿಚೆ, ‘ಡಾಂಟೆ, ವರ್ಜಿಲ್ ಹೊರಟುಹೋದನೆಂದು ಅಳಬೇಡ’ ಎನ್ನುತ್ತಾಳೆ. ಇಡೀ ಕಾವ್ಯದಲ್ಲಿ, 14,233 ಸಾಲುಗಳಲ್ಲಿ, ಕವಿಯ ಹೆಸರು ಬರುವುದು ಅಲ್ಲೊಂದೇ ಕಡೆ. ವಿವೇಕ ಎಂಬ ಭಾವವಾಚಕ ನಾಮ ಕಣ್ಮರೆಯಾದರೆ ಯಾರಾದರೂ ಹೀಗೆ ಅಳುತ್ತಾರೆಯೇ?

ಡಾಂಟೆಯ ಕಾಲದ ಜನ ಬೈಬಲನ್ನು ನಾಲ್ಕು ಪದರಗಳಲ್ಲಿ ಓದುತ್ತಿದ್ದರು. ತನ್ನ ಆಶ್ರಯದಾತ ಕಾನ್‌ಗ್ರಾಂದೆಗೆ ಡಾಂಟೆ ಬರೆದನೆನ್ನುವ ಲ್ಯಾಟಿನ್ ಪತ್ರವೊಂದಿದೆ. ಅದು ಪೂರ್ತಿ ಅವನದೇ ಎಂದು ವಿದ್ವಾಂಸರೆಲ್ಲ ಒಪ್ಪುವುದಿಲ್ಲ, ಆದರೆ ಅದರಲ್ಲಿರುವ ಉದಾಹರಣೆ ಚೊಕ್ಕವಾಗಿದೆ. ‘ಇಸ್ರಯೇಲರು ಈಜಿಪ್ಟನ್ನು ಬಿಟ್ಟು ಹೊರಟಾಗ’ ಎಂಬ ಕೀರ್ತನೆಯನ್ನು ತೆಗೆದುಕೊಳ್ಳಿ ಎನ್ನುತ್ತದೆ ಪತ್ರ. ಅಕ್ಷರಶಃ ನೋಡಿದರೆ ಮೋಶೆಯ ಕಾಲದಲ್ಲಿ ನಡೆದ ಘಟನೆ. ಸಂಕೇತವಾಗಿ ನೋಡಿದರೆ ಕ್ರಿಸ್ತನಿಂದ ಆದ ಬಿಡುಗಡೆ. ಬದುಕಿಗೆ ಹಚ್ಚಿದರೆ ಆತ್ಮ ಪಾಪದ ಗೋಳಿನಿಂದ ಕೃಪೆಯ ಕಡೆಗೆ ತಿರುಗುವುದು. ಕೊನೆಯ ಪದರದಲ್ಲಿ, ಆತ್ಮ ಈ ನಾಶವಾಗುವ ಲೋಕದ ದಾಸ್ಯದಿಂದ ನಿತ್ಯದ ಮಹಿಮೆಗೆ ಹೊರಡುವುದು. ಇಲ್ಲಿ ನೆನಪಿಡಬೇಕಾದದ್ದು, ಮೇಲಿನ ಮೂರು ಪದರ ಬಂದವೆಂದು ಮೊದಲನೆಯದು ಅಳಿಸಿಹೋಗುವುದಿಲ್ಲ. ಜನ ನಿಜವಾಗಿ ನಡೆದರು, ಸಮುದ್ರ ನಿಜವಾಗಿ ಸೀಳಿತು ಎಂಬ ನಂಬಿಕೆಯ ಮೇಲೆಯೇ ಉಳಿದವು ನಿಲ್ಲುತ್ತವೆ.

ಈಗ ಶುದ್ಧೀಕರಣದ ಎರಡನೇ ಸರ್ಗಕ್ಕೆ ಬಾ. ದೇವದೂತ ನಡೆಸುವ ದೋಣಿಯಲ್ಲಿ ನೂರಕ್ಕೂ ಹೆಚ್ಚು ಆತ್ಮಗಳು ಬೆಟ್ಟದ ದಡಕ್ಕೆ ಬಂದಿಳಿಯುತ್ತವೆ. ಬರುತ್ತ ಅವರೆಲ್ಲ ಒಂದೇ ಕೊರಳಿನಲ್ಲಿ ಹಾಡುವುದು ಅದೇ ಕೀರ್ತನೆಯನ್ನು! ಈಗ ಈಜಿಪ್ಟನ್ನು ಬಿಟ್ಟು ಹೊರಟವರು ಅವರೇ. ಆ ಗುಂಪಿನಿಂದ ಒಬ್ಬ ಮುಂದೆ ಬಂದು ಡಾಂಟೆಯನ್ನು ತಬ್ಬಿಕೊಳ್ಳಲು ಕೈ ಚಾಚುತ್ತಾನೆ. ಹಾಡುಗಾರ ಕಸೆಲ್ಲಾ, ಹಳೆಯ ಗೆಳೆಯ. ಡಾಂಟೆ ಮೂರು ಬಾರಿ ತೋಳು ಬಳಸುತ್ತಾನೆ. ಮೂರು ಬಾರಿಯೂ ತೋಳುಗಳು ಬರಿದಾಗಿ ತನ್ನ ಎದೆಗೇ ಬಂದು ಸೇರುತ್ತವೆ. ಕಸೆಲ್ಲಾ ಯಾವುದರ ಸಂಕೇತ ಎಂದು ನಿನ್ನ ಟಿಪ್ಪಣಿಯಲ್ಲಿ ಹುಡುಕಬೇಡ. ಅವನು ಕಸೆಲ್ಲಾ.

ಗುಣಕ್ಕೇ ಕೈಕಾಲು ಕೊಟ್ಟು ನಡೆಸುವ ಬಗೆಯೂ ಇವನಲ್ಲಿದೆ. ಸ್ವರ್ಗದ ಹನ್ನೊಂದನೇ ಸರ್ಗದಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಬಡತನ ಎಂಬ ಹೆಣ್ಣನ್ನು ಮದುವೆಯಾಗುತ್ತಾರೆ. ಮೊದಲ ಗಂಡ ಕ್ರಿಸ್ತ ತೀರಿಕೊಂಡ ಮೇಲೆ ಸಾವಿರದ ನೂರಕ್ಕೂ ಹೆಚ್ಚು ವರ್ಷ ಅವಳು ವಿಧವೆ. ಯಾರೂ ಅವಳನ್ನು ಕೇಳಿ ಬರಲಿಲ್ಲ. ತಾಯಿ ಮರಿಯ ಶಿಲುಬೆಯ ಕೆಳಗೆ ನಿಂತಿದ್ದಾಗ ಅವಳು ಮಾತ್ರ ಕ್ರಿಸ್ತನೊಂದಿಗೆ ಶಿಲುಬೆಯ ಮೇಲೇರಿದಳು ಎನ್ನುತ್ತಾನೆ ಕವಿ. 1226ರಲ್ಲಿ ತೀರಿಕೊಂಡ ಫ್ರಾನ್ಸಿಸರು ಆಗಿನ ಫ್ಲಾರೆನ್ಸಿನವರಿಗೆ ಅಜ್ಜಂದಿರ ಕಾಲದವರು. ಬಟ್ಟೆ ವ್ಯಾಪಾರಿಯ ಮಗ ತಂದೆಯ ಎದುರೇ, ಬಿಷಪರ ಮುಂದೆ, ಉಟ್ಟ ಬಟ್ಟೆಯನ್ನು ಕಳಚಿ ಕೊಟ್ಟ ಕಥೆ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಅವರ ಸಭೆಯ ಸನ್ಯಾಸಿಗಳು ಸಾಂತಾ ಕ್ರೋಚೆಯಲ್ಲಿ, ದೊಮಿನಿಕರ ಸಭೆಯವರು ಸಾಂತಾ ಮರಿಯಾ ನೊವೆಲ್ಲಾದಲ್ಲಿ ಜನರ ಆಡುಮಾತಿನಲ್ಲೇ ಪ್ರವಚನ ಮಾಡುತ್ತಿದ್ದರು. ಸಂಜೆಯಾದರೆ ಕುಶಲಕರ್ಮಿಗಳು, ಅಂಗಡಿಯವರು ಓರ್‌ಸಾನ್‌ಮಿಕೇಲೆಯ ಮಾತೆಯ ಚಿತ್ರದ ಮುಂದೆ ಸೇರಿ ‘ಲೌದಾ’ ಎಂಬ ಭಕ್ತಿಗೀತೆ ಹಾಡುತ್ತಿದ್ದರು. 1291ರಲ್ಲಿ ಅದಕ್ಕಾಗಿಯೇ ಒಂದು ಮಂಡಳಿ ಕಟ್ಟಿಕೊಂಡಿದ್ದರು. ಬಡತನ ಹೆಣ್ಣಾಗಿ ಬಂದರೆ ಆ ಜನರಿಗೆ ಒಗಟಾಗಿ ಕಾಣಲಿಲ್ಲ. ದಿನವೂ ಹಾಡಿ ಕೇಳಿದ ಸಂಗತಿ. ಡಾಂಟೆ ಲ್ಯಾಟಿನ್ ಬಿಟ್ಟು ತೊಸ್ಕಾನದ ಮನೆಮಾತಿನಲ್ಲಿ ಬರೆದದ್ದು ಇವರೂ ಕೇಳಲಿ ಎಂದು. ಬೊಲೊನ್ಯದ ಪಂಡಿತನೊಬ್ಬ, ಇಂಥ ಮುತ್ತುಗಳನ್ನು ಹಂದಿಗಳ ಮುಂದೆ ಚೆಲ್ಲುವೆಯೇಕೆ, ಲ್ಯಾಟಿನ್ನಿನಲ್ಲಿ ಬರೆ ಎಂದು ಪದ್ಯದಲ್ಲೇ ಬುದ್ಧಿ ಹೇಳಿ ಕಳುಹಿಸಿದ್ದ. ಡಾಂಟೆ ಕೇಳಲಿಲ್ಲ.

ಪ್ರಶ್ನೆ: ಬೆಯಾತ್ರಿಚೆ ನಿಜವಾಗಿ ಇದ್ದ ಹೆಣ್ಣೇ? (ಹಾಸನ)

ಉತ್ತರ: ಇದ್ದಳು. ಫ್ಲಾರೆನ್ಸಿನ ಫೋಲ್ಕೊ ಪೊರ್ತಿನಾರಿಯ ಮಗಳೆಂದು ಇಟಲಿಯ ಕಥೆಗಾರ ಬೊಕಾಚ್ಚೊ ಕಾಲದಿಂದಲೂ ಗುರುತಿಸುತ್ತ ಬಂದಿದ್ದಾರೆ. ತನಗೆ ಒಂಬತ್ತು ವರ್ಷವಾಗಿದ್ದಾಗ ಅವಳನ್ನು ಮೊದಲು ಕಂಡೆನೆಂದು ಡಾಂಟೆ ಬರೆದಿದ್ದಾನೆ. 1290ರಲ್ಲಿ ಅವಳು ತೀರಿಕೊಂಡಳು. ಅವಳ ತಂದೆ 1288ರಲ್ಲಿ ಕಟ್ಟಿಸಿದ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯಲ್ಲಿ ಇವತ್ತಿಗೂ ರೋಗಿಗಳಿದ್ದಾರೆ.

ಪ್ರಶ್ನೆ: ಅಷ್ಟು ದೈವಭಕ್ತನಾದವನು ಪೋಪರನ್ನೇ ನರಕಕ್ಕೆ ಹಾಕಿದ್ದಾನಂತೆ. ಇದು ಭಕ್ತಿಯೋ, ರಾಜಕೀಯ ದ್ವೇಷವೋ? (ಮೈಸೂರು)

ಉತ್ತರ: ದ್ವೇಷಕ್ಕೆ ಕಾರಣವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಡಾಂಟೆ ಊರು ಕಳೆದುಕೊಂಡದ್ದರ ಹಿಂದೆ ಬೊನಿಫಾಸರ ಕೈ ಇತ್ತು. ನರಕದ ಹತ್ತೊಂಬತ್ತನೇ ಸರ್ಗದಲ್ಲಿ ದೇವರ ಕಾರ್ಯವನ್ನು ಹಣಕ್ಕೆ ಮಾರಿದವರನ್ನು ಕಲ್ಲಿನ ಗುಳಿಗಳಲ್ಲಿ ತಲೆಕೆಳಗಾಗಿ ತುರುಕಿದ್ದಾರೆ. ಹೊರಗೆ ಚಾಚಿದ ಅಂಗಾಲುಗಳ ಮೇಲೆ ಬೆಂಕಿ ಆಡುತ್ತಿದೆ. ಆ ಗುಳಿಗಳು ತಾನು ದೀಕ್ಷೆ ಪಡೆದ ಮಂದಿರದಲ್ಲಿದ್ದ ಗುಳಿಗಳಷ್ಟೇ ಅಗಲ ಎಂದು ಹೋಲಿಸುತ್ತಾನೆ. ಒಂದರಲ್ಲಿ ಪೋಪ್ ಮೂರನೇ ನಿಕೊಲಾಸ್. ಡಾಂಟೆಯ ದನಿ ಕೇಳಿ ಆತ, ‘ಆಗಲೇ ಬಂದುಬಿಟ್ಟೆಯಾ ಬೊನಿಫಾಸ್?’ ಎನ್ನುತ್ತಾನೆ. ಬೊನಿಫಾಸ್ ಸತ್ತದ್ದು 1303ರಲ್ಲಿ, ಕಾವ್ಯದ ಕಾಲ 1300. ಬದುಕಿದ್ದಾಗಲೇ ಜಾಗ ಕಾದಿರಿಸಿದಂತೆ.

ಆದರೆ ಶುದ್ಧೀಕರಣದ ಇಪ್ಪತ್ತನೇ ಸರ್ಗವನ್ನೂ ಓದಿ. ಫ್ರಾನ್ಸಿನ ರಾಜನ ಕಡೆಯವರು 1303ರಲ್ಲಿ ಅನಾಞಿ ಪಟ್ಟಣಕ್ಕೆ ನುಗ್ಗಿ ಇದೇ ಬೊನಿಫಾಸರನ್ನು ಸೆರೆಹಿಡಿದು ಅವಮಾನಿಸಿದರು. ಡಾಂಟೆ ಅದನ್ನು ನೋಡುವ ಕಣ್ಣು ಬೇರೆ: ಕ್ರಿಸ್ತನೇ ತನ್ನ ಪ್ರತಿನಿಧಿಯಲ್ಲಿ ಸೆರೆಯಾಗುವುದನ್ನು, ಮತ್ತೊಮ್ಮೆ ಹೀಯಾಳಿಸಲ್ಪಡುವುದನ್ನು ಕಾಣುತ್ತಿದ್ದೇನೆ. ಪೀಠದ ಮೇಲೆ ಕುಳಿತವನು ಬೇರೆ, ಪೀಠ ಬೇರೆ. ದ್ವೇಷ ಮಾತ್ರವೇ ಇದ್ದವನು ಈ ಸಾಲು ಬರೆಯಲಾರ.

ಅದೇ ಕಾಲದ ಇನ್ನೊಂದು ಚಿತ್ರ. ನರಕದ ಹದಿನೇಳನೇ ಸರ್ಗದಲ್ಲಿ ಬಡ್ಡಿ ವ್ಯವಹಾರದವರು ಕುತ್ತಿಗೆಗೆ ಹಣದ ಚೀಲ ನೇತುಹಾಕಿಕೊಂಡು ಅದನ್ನೇ ದಿಟ್ಟಿಸುತ್ತ ಕುಳಿತಿದ್ದಾರೆ. ಒಂದು ಬಿಳಿಯ ಚೀಲದ ಮೇಲೆ ನೀಲಿ ಬಣ್ಣದ ಹೆಣ್ಣು ಹಂದಿ. ಅದು ಪಾದುವಾದ ಸ್ಕ್ರೊವೆಞಿ ಮನೆತನದ ಲಾಂಛನ. ಆ ಮನೆತನದ ಎನ್ರಿಕೊ ಪಾದುವಾದಲ್ಲಿ ಒಂದು ಚಾಪೆಲ್ ಕಟ್ಟಿಸಿದ. 1305ರಲ್ಲಿ ಅದರ ಪ್ರತಿಷ್ಠೆಯಾಯಿತು. ಒಳಗೋಡೆಗಳನ್ನು ಚಿತ್ರಗಳಿಂದ ತುಂಬಿದವನು ಕಲಾವಿದ ಜೋತ್ತೊ. ಅಂತಿಮ ತೀರ್ಪಿನ ಗೋಡೆಯಲ್ಲಿ ಎನ್ರಿಕೊ ಮಂಡಿಯೂರಿ ಚಾಪೆಲ್‌ನ ಪ್ರತಿರೂಪವನ್ನು ಅರ್ಪಿಸುತ್ತಿದ್ದಾನೆ. ಮನೆತನದ ಬಡ್ಡಿಯ ಪಾಪ ತೊಳೆಯಲು ಕಟ್ಟಿಸಿದ್ದೆಂದು ಹಲವರು ಹೇಳುತ್ತಾರೆ. ಹಣ ಗಳಿಸುವುದು, ಅದಕ್ಕಾಗಿ ಹೆದರುವುದು, ಹೆದರಿ ದೇವರಿಗೆ ಚೆಲುವಾದದ್ದನ್ನು ಕೊಡುವುದು ಆ ಕಾಲದಲ್ಲಿ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು.

ಪ್ರಶ್ನೆ: ನನ್ನ ತಾಯಿ ಕಳೆದ ಆಗಸ್ಟಿನಲ್ಲಿ ತೀರಿಕೊಂಡರು. ತಿಂಗಳ ಬಲಿಪೂಜೆ ಮಾಡಿಸುತ್ತಿದ್ದೇವೆ. ಮಗ ಕೇಳುತ್ತಾನೆ, ಸತ್ತವರಿಗೆ ನಮ್ಮ ಪ್ರಾರ್ಥನೆಯಿಂದ ಏನಾಗುತ್ತದೆ ಎಂದು. ಶುದ್ಧೀಕರಣ ಸ್ಥಳವೆಂದರೆ ಡಾಂಟೆ ಬರೆದಂಥ ಬೆಟ್ಟವೇ? (ಉಡುಪಿ ಜಿಲ್ಲೆಯಿಂದ ಗೃಹಿಣಿ)

ಉತ್ತರ: ತಾಯಿಯ ಆತ್ಮಕ್ಕೆ ಶಾಂತಿ ಸಿಗಲಿ. ನಿಮ್ಮ ಕಾಗದವನ್ನು ಎರಡು ದಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಬೆಟ್ಟ ಡಾಂಟೆಯ ಕಲ್ಪನೆ. ಸಾವಿನ ನಂತರ ಶುದ್ಧಿಯಾಗುವುದಿದೆ, ಬದುಕಿರುವವರ ಪ್ರಾರ್ಥನೆ, ಬಲಿಪೂಜೆ, ದಾನ ಅದಕ್ಕೆ ಒದಗುತ್ತವೆ ಎಂದು 1274ರಲ್ಲಿ ಲಿಯೋನ್ ನಗರದಲ್ಲಿ ಸೇರಿದ ಧರ್ಮಸಭೆಯ ಮಹಾಸಭೆ ಹೇಳಿತು. ಆಗ ಡಾಂಟೆಗೆ ಒಂಬತ್ತು ವರ್ಷ. ಜನ ಅದನ್ನು ನೆಲದಡಿಯ ಬೆಂಕಿಯ ಕೋಣೆಯೆಂದೇ ಚಿತ್ರಿಸಿಕೊಂಡಿದ್ದರು. ಡಾಂಟೆ ಅದನ್ನು ನೆಲದಡಿಯಿಂದ ಎತ್ತಿ ತಂದು ಭೂಮಿಯ ದಕ್ಷಿಣಾರ್ಧದಲ್ಲಿ, ಯೆರೂಸಲೇಮಿನ ನೇರ ಆಚೆ ಬದಿಯ ಸಮುದ್ರದ ನಡುವೆ ಬೆಟ್ಟವಾಗಿ ನಿಲ್ಲಿಸಿದ. ಅಲ್ಲಿ ಬಿಸಿಲಿದೆ, ಹುಲ್ಲಿದೆ, ಗಾಳಿಯಿದೆ, ಹಗಲು ರಾತ್ರಿ ಇವೆ. ಏಳು ಹಂತಗಳು. ಬಾಗಿಲಲ್ಲಿ ದೇವದೂತ ಖಡ್ಗದ ಮೊನೆಯಿಂದ ಹಣೆಯ ಮೇಲೆ ಪಾಪದ ಏಳು ಅಕ್ಷರ ಕೊರೆಯುತ್ತಾನೆ. ಒಂದೊಂದು ಹಂತ ದಾಟಿದಾಗ ರೆಕ್ಕೆಯ ಒಂದು ಬೀಸು ಒಂದನ್ನು ಅಳಿಸುತ್ತದೆ. ನರಕದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬೇಡ. ಇಲ್ಲಿ ಎಲ್ಲರೂ ಒಟ್ಟಿಗೆ ಹಾಡುತ್ತಾರೆ.

ನಿಮ್ಮ ಮಗನಿಗೆ ಹನ್ನೊಂದನೇ ಸರ್ಗವನ್ನು ಹೇಳಿ. ಬದುಕಿನಲ್ಲಿ ತಲೆ ಎತ್ತಿ ಮೆರೆದವರು ಅಲ್ಲಿ ಬೆನ್ನ ಮೇಲೆ ಬಂಡೆ ಹೊತ್ತು, ಮೊಣಕಾಲು ಎದೆಗೆ ತಾಗುವಷ್ಟು ಬಾಗಿ ನಡೆಯುತ್ತಾರೆ. ನಡೆಯುತ್ತ ‘ನಮ್ಮ ತಂದೆಯೇ’ ಜಪವನ್ನು ಸಾಲು ಸಾಲಾಗಿ ಹೇಳುತ್ತಾರೆ. ಶೋಧನೆಗೆ ಒಳಪಡಿಸಬೇಡ, ಕೇಡಿನಿಂದ ಪಾರುಮಾಡು ಎಂಬಲ್ಲಿಗೆ ಬಂದಾಗ ಒಂದು ಮಾತು ಸೇರಿಸುತ್ತಾರೆ: ಪ್ರಿಯ ಪ್ರಭುವೇ, ಈ ಕೊನೆಯ ಬೇಡಿಕೆ ನಮಗಾಗಿ ಅಲ್ಲ, ನಮಗೆ ಅದರ ಅಗತ್ಯವಿಲ್ಲ, ನಮ್ಮ ಹಿಂದೆ ಉಳಿದವರಿಗಾಗಿ. ಬಂಡೆ ಹೊತ್ತವರು ನಮಗಾಗಿ ಬೇಡುತ್ತಿದ್ದಾರೆ! ಅಲ್ಲಿ ಅವರು ನಮಗಾಗಿ ಇಷ್ಟು ಮಾಡುವಾಗ ಇಲ್ಲಿ ನಾವು ಅವರಿಗಾಗಿ ಏನೇನು ಮಾಡಬಾರದು ಎಂದು ಕವಿ ಅಲ್ಲೇ ಕೇಳುತ್ತಾನೆ.

ಇಪ್ಪತ್ತಮೂರನೇ ಸರ್ಗದಲ್ಲಿ ಗೆಳೆಯ ಫೊರೇಸೆ ಸಿಗುತ್ತಾನೆ. ಸತ್ತು ಇನ್ನೂ ಐದು ವರ್ಷ ತುಂಬಿಲ್ಲ, ಆಗಲೇ ಇಷ್ಟು ಮೇಲೆ ಹೇಗೆ ಬಂದೆ ಎಂದು ಡಾಂಟೆ ಬೆರಗಾಗುತ್ತಾನೆ. ‘ನನ್ನ ನೆಲ್ಲಾಳ ಕಣ್ಣೀರು’ ಎನ್ನುತ್ತಾನೆ ಫೊರೇಸೆ. ನೆಲ್ಲಾ ಅವನ ಹೆಂಡತಿ, ಬಡ ವಿಧವೆ. ಅವಳ ಜಪ, ಅವಳ ನಿಟ್ಟುಸಿರು ಅವನನ್ನು ಕೆಳಗಿನ ಹಂತಗಳಿಂದೆಲ್ಲ ಬಿಡಿಸಿದವು. ಮೂರನೇ ಸರ್ಗದಲ್ಲಿ ರಾಜ ಮನ್‌ಫ್ರೇದಿ ಬರುತ್ತಾನೆ. ಪೋಪರಿಂದ ಬಹಿಷ್ಕಾರಕ್ಕೆ ಒಳಗಾಗಿ 1266ರ ಯುದ್ಧದಲ್ಲಿ ಸತ್ತವನು. ಅವನ ಮೂಳೆಗಳನ್ನೂ ಬಿಷಪರೊಬ್ಬರು ಗಡಿಯಾಚೆ ಎಸೆಸಿದರು. ನನ್ನ ಪಾಪಗಳು ಭಯಂಕರ, ಆದರೆ ದೇವರ ಒಳ್ಳೆಯತನದ ತೋಳುಗಳು ಬಹಳ ಉದ್ದ ಎನ್ನುತ್ತಾನೆ ಅವನು. ಮಗಳು ಕೊಸ್ತಾಂಝಾಳಿಗೆ ಹೇಳು, ನನ್ನನ್ನು ಎಲ್ಲಿ ಕಂಡೆಯೆಂದು ಹೇಳು ಎಂದು ಅಂಗಲಾಚುತ್ತಾನೆ. ಅವಳ ಪ್ರಾರ್ಥನೆ ಸಿಕ್ಕರೆ ಕಾಯುವ ಕಾಲ ಕಡಿಮೆಯಾಗುತ್ತದೆ.

ನಮ್ಮ ಮನೆಯಲ್ಲಿ ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಅಜ್ಜಿ ಇನ್ನೂ ಒಂದಿಷ್ಟು ಜಪ ಹೇಳಿಸುತ್ತಿದ್ದರು, ಸತ್ತವರಿಗಾಗಿ. ಅಜ್ಜ, ಎಳೆಯದರಲ್ಲೇ ಹೋದ ಚಿಕ್ಕಪ್ಪ, ಮೀನು ತರುತ್ತಿದ್ದ ಹೆಂಗಸು, ಕೊನೆಗೆ ‘ಯಾರೂ ನೆನೆಯದ ಆತ್ಮಗಳು’. ಮಂಡಿ ನೋಯುತ್ತಿದೆ, ಗಂಜಿ ಆರುತ್ತಿದೆ, ಯಾರೂ ಅಲ್ಲದವರಿಗೆ ಯಾಕೆ ಎಂದು ನಾನು ಗೊಣಗಿದ್ದೆ. ಅಜ್ಜಿ ಉತ್ತರಿಸಲಿಲ್ಲ, ಇನ್ನೊಂದು ಜಪ ಹೆಚ್ಚಿಗೆ ಹೇಳಿಸಿದರು. ಹಲವು ವರ್ಷಗಳ ನಂತರ ನಿವೃತ್ತಿಯಾಗಿ ಇಟಾಲಿಯನ್ ಕಲಿತು ಹನ್ನೊಂದನೇ ಸರ್ಗವನ್ನು ನಿಘಂಟಿನ ಸಹಾಯದಿಂದ ಬಿಡಿಸಿ ಓದಿದ ದಿನ ನನ್ನ ಮಂಡಿಗೆ ಆ ಸಿಮೆಂಟ್ ನೆಲದ ತಣ್ಣನೆಯ ನೆನಪು ಬಂತು. ಅಜ್ಜಿಗೆ ಡಾಂಟೆಯ ಹೆಸರು ಗೊತ್ತಿರಲಿಲ್ಲ. ಕಾವ್ಯದ ಮೂಲ ಗೊತ್ತಿತ್ತು.

ಪೂಜೆ ನಿಲ್ಲಿಸಬೇಡಿ. ಮಗನನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಡಾಂಟೆ ಪ್ರಕಾರ ನಾನೂ, ನನ್ನ ಅಪ್ಪ ಅಮ್ಮನೂ ನರಕಕ್ಕೇ ಹೋಗಬೇಕಲ್ಲವೇ? ಹಾಗಿದ್ದರೆ ಅದನ್ನು ನಾನೇಕೆ ಓದಬೇಕು? (ಬೆಂಗಳೂರಿನಿಂದ ಯುವ ಎಂಜಿನಿಯರ್)

ಉತ್ತರ: ನಿಮ್ಮ ಪ್ರಶ್ನೆಯನ್ನು ಡಾಂಟೆಯೇ ಕೇಳಿದ್ದಾನೆ, ಅದೂ ನಮ್ಮ ಕಡೆಯವನೊಬ್ಬನನ್ನು ಮುಂದಿಟ್ಟುಕೊಂಡು. ಸ್ವರ್ಗದ ಹತ್ತೊಂಬತ್ತನೇ ಸರ್ಗ. ಸಿಂಧೂ ನದಿಯ ದಡದಲ್ಲಿ ಒಬ್ಬ ಮನುಷ್ಯ ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ಬಗ್ಗೆ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಅವನ ಬಯಕೆಗಳು ಒಳ್ಳೆಯವು, ನಡತೆ ಒಳ್ಳೆಯದು, ನಡೆಯಲ್ಲೂ ನುಡಿಯಲ್ಲೂ ಪಾಪವಿಲ್ಲ. ದೀಕ್ಷೆಯಿಲ್ಲದೆ ಸಾಯುತ್ತಾನೆ. ಅವನನ್ನು ಖಂಡಿಸುವ ನ್ಯಾಯ ಯಾವುದು? ನಂಬದಿದ್ದರೆ ಅವನ ತಪ್ಪೇನು? ಏಳು ನೂರು ವರ್ಷಗಳ ಹಿಂದೆ, ಭಾರತವನ್ನು ಕಾಣದವನೊಬ್ಬ, ಸ್ವರ್ಗದ ನಡುವೆ ನಿಂತು ಈ ಪ್ರಶ್ನೆ ಎತ್ತಿದ್ದಾನೆ. ಇದು ಬಹುಕಾಲ ತನ್ನನ್ನು ಹಸಿವಿನಂತೆ ಕಾಡಿದ ಸಂಶಯ ಎಂದೂ ಹೇಳಿಕೊಳ್ಳುತ್ತಾನೆ.

ಉತ್ತರಿಸುವುದು ನ್ಯಾಯವಂತ ರಾಜರ ಆತ್ಮಗಳು ಸೇರಿ ಮೂಡಿದ ಬೆಳಕಿನ ಗರುಡ. ಒಂದು ಗೇಣಿನಾಚೆ ಕಾಣದ ಕಣ್ಣಿನಿಂದ ಸಾವಿರ ಮೈಲಿ ದೂರದ್ದನ್ನು ತೀರ್ಪು ಮಾಡಲು ಕುಳಿತ ನೀನು ಯಾರು ಎಂದು ಮೊದಲು ಗದರಿಸುತ್ತದೆ. ಕ್ರಿಸ್ತನನ್ನು ನಂಬದವನು ಇಲ್ಲಿಗೆ ಏರಲಿಲ್ಲ ಎನ್ನುತ್ತದೆ. ಆ ಬೆನ್ನಿಗೇ ‘ಕ್ರಿಸ್ತ, ಕ್ರಿಸ್ತ’ ಎಂದು ಕೂಗುವ ಎಷ್ಟೋ ಜನ ತೀರ್ಪಿನ ದಿನ, ಕ್ರಿಸ್ತನನ್ನು ಅರಿಯದವನಿಗಿಂತ ಅವನಿಂದ ದೂರ ಇರುತ್ತಾರೆ ಎಂದೂ ಹೇಳುತ್ತದೆ. ಮುಂದಿನ ಸರ್ಗದಲ್ಲಿ ಗರುಡನ ಕಣ್ಣಿನ ಸುತ್ತ ಹೊಳೆಯುವ ಆತ್ಮಗಳನ್ನು ತೋರಿಸುವಾಗ ಇಬ್ಬರು ಅಕ್ರೈಸ್ತರು ಸಿಗುತ್ತಾರೆ: ರೋಮಿನ ಚಕ್ರವರ್ತಿ ತ್ರಾಯಾನ್ ಮತ್ತು ಟ್ರಾಯ್ ನಗರದ ರಿಫೇಯುಸ್. ರಿಫೇಯುಸ್ ವರ್ಜಿಲನ ಕಾವ್ಯದಲ್ಲಿ ಕೆಲವೇ ಸಾಲುಗಳಲ್ಲಿ ಬಂದು ಸಾಯುವವನು. ಟ್ರಾಯ್‌ನವರಲ್ಲೆಲ್ಲ ನ್ಯಾಯವಂತ ಎಂಬ ಹೊಗಳಿಕೆಯಷ್ಟೇ ಅವನ ಆಸ್ತಿ. ದೀಕ್ಷಾಸ್ನಾನ ಎಂಬುದು ಬರುವ ಸಾವಿರಕ್ಕೂ ಹೆಚ್ಚು ವರ್ಷಗಳ ಮೊದಲೇ ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂವರು ಹೆಂಗಸರು ಅವನಿಗೆ ದೀಕ್ಷೆಯಾದರು ಎನ್ನುತ್ತಾನೆ ಡಾಂಟೆ. ಆದರೆ ಆ ಸಾಲುಗಳನ್ನು ಬರೆದ ವರ್ಜಿಲ್, ಡಾಂಟೆಯ ‘ಅತಿ ಮಧುರ ತಂದೆ’, ನರಕದ ಅಂಚಿನ ಲಿಂಬೊಗೆ ಹಿಂದಿರುಗುತ್ತಾನೆ. ಅಲ್ಲಿ ಹಿಂಸೆಯಿಲ್ಲ. ಭರವಸೆಯೂ ಇಲ್ಲ.

ಇದು ನನಗೆ ಒಪ್ಪಿಗೆಯೇ? ಇಲ್ಲ. ತನ್ನದಲ್ಲದ ತಪ್ಪಿನಿಂದ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುವವನಿಗೂ ರಕ್ಷಣೆ ಸಾಧ್ಯವೆಂದು ನನ್ನ ಧರ್ಮಸಭೆಯೇ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಹೇಳಿತು. ನನಗೆ ಅದು ದೊಡ್ಡ ಸಮಾಧಾನ. ನನ್ನನ್ನು ಓದಿಸಿದ, ಕಾಲೇಜಿಗೆ ಸೇರಿಸಿದ ಹೆಡ್‌ಮಾಸ್ಟರು ಹಣೆಗೆ ಗೋಪಿಚಂದನ ಹಚ್ಚಿ ಶಾಲೆಗೆ ಬರುತ್ತಿದ್ದವರು. ಅವರಿಲ್ಲದ ಸ್ವರ್ಗ ನನ್ನ ಕಲ್ಪನೆಗೆ ಬರುವುದಿಲ್ಲ. ಡಾಂಟೆಗೂ ವರ್ಜಿಲ್ ಇಲ್ಲದ ಸ್ವರ್ಗ ನೋವಿನದಾಗಿತ್ತು. ಆ ನೋವನ್ನು ಅವನು ಸಿದ್ಧಾಂತದಿಂದ ಮುಚ್ಚಿಹಾಕಲಿಲ್ಲ, ಸಾಲುಗಳಲ್ಲೇ ಉಳಿಸಿದ. ನೀವು ಓದಬೇಕಾದದ್ದು ಅದಕ್ಕಾಗಿ.

ಪ್ರಶ್ನೆ: ನನಗೆ ಎಪ್ಪತ್ತೊಂದು. ಕಣ್ಣು ಮಂದ, ಇಟಾಲಿಯನ್ ಬಾರದು, ನೂರು ಸರ್ಗ ಓದುವ ಧೈರ್ಯವಿಲ್ಲ. ಎಲ್ಲಿಂದ ಹಿಡಿಯಲಿ? (ತೀರ್ಥಹಳ್ಳಿ)

ಉತ್ತರ: ದೊಡ್ಡ ಅಕ್ಷರದ ಯಾವುದಾದರೂ ಇಂಗ್ಲಿಷ್ ಗದ್ಯಾನುವಾದ ತರಿಸಿಕೊಳ್ಳಿ. ಕಾಡಿನ ಮೊದಲ ಸರ್ಗ ಓದಿ, ನೇರವಾಗಿ ಶುದ್ಧೀಕರಣದ ಮೊದಲ ಸರ್ಗಕ್ಕೆ ಹಾರಿ. ನರಕದ ಮಸಿ ಹತ್ತಿದ ಡಾಂಟೆಯ ಕೆನ್ನೆಗಳನ್ನು ವರ್ಜಿಲ್ ಹುಲ್ಲಿನ ಮೇಲಿನ ಇಬ್ಬನಿಯಲ್ಲಿ ಅಂಗೈ ಅದ್ದಿ ತೊಳೆಯುತ್ತಾನೆ. ಸಮುದ್ರದ ಅಂಚಿನ ಕೆಸರಿನಿಂದ ಒಂದು ಜೊಂಡನ್ನು ಕಿತ್ತು ಅವನ ಸೊಂಟಕ್ಕೆ ಕಟ್ಟುತ್ತಾನೆ. ಕಿತ್ತ ಜಾಗದಲ್ಲಿ ಆ ಕ್ಷಣವೇ ಅಂಥದ್ದೇ ಇನ್ನೊಂದು ಚಿಗುರುತ್ತದೆ. ದಿನಕ್ಕೆ ಒಂದೇ ಸರ್ಗ, ಸಂಜೆ ಹೊತ್ತಿಗೆ.

ಎಂಟನೆಯ ಸರ್ಗ ಸಂಜೆಯಿಂದಲೇ ತೊಡಗುತ್ತದೆ. ಪ್ರಿಯರಿಗೆ ವಿದಾಯ ಹೇಳಿ ಹೊರಟ ದಿನ ನಾವಿಕರ ಮನಸ್ಸು ಮನೆಯ ಕಡೆಗೆ ತಿರುಗುವ ಹೊತ್ತು. ದೂರದಲ್ಲೆಲ್ಲೋ ಗಂಟೆಯೊಂದು ಸಾಯುತ್ತಿರುವ ಹಗಲಿಗಾಗಿ ಅಳುವಂತೆ ಕೇಳಿ ಹೊಸ ಯಾತ್ರಿಕನ ಎದೆಯನ್ನು ಚುಚ್ಚುವ ಹೊತ್ತು. ಡಾಂಟೆ 1321ರಲ್ಲಿ ತೀರಿಕೊಂಡದ್ದು ರಾವೆನ್ನಾದಲ್ಲಿ, ಮಣ್ಣಾದದ್ದೂ ಅಲ್ಲೇ. ಸಮಾಧಿಯೊಳಗಿನ ದೀಪಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನವರು ಎಣ್ಣೆ ತಂದುಕೊಡುತ್ತಾರೆ, ಹೊರಹಾಕಿದ ಊರಿನವರು. 2020ರಿಂದ ಅಲ್ಲಿ ದಿನವೂ ಸಂಜೆ ಒಬ್ಬರು ಬಂದು ಒಂದು ಸರ್ಗವನ್ನು ಗಟ್ಟಿಯಾಗಿ ಓದುತ್ತಾರೆ. ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರು ಇದೇ ಎಂಟನೇ ಸರ್ಗದ ಮೊದಲ ಸಾಲಿನದು. ನಿಮ್ಮ ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರಿಂದ ಓದಿಸಿ, ನೀವು ಕೇಳಿಸಿಕೊಳ್ಳಿ. ಎಂಟನೆಯದಕ್ಕೆ ಬಂದ ದಿನ ನನಗೊಂದು ಕಾಗದ ಹಾಕಿ.